ತಿರುಗಬಾರದಿದ್ದ ಹಿಡಿಕೆ

ಸುಟ್ಟದ್ದು ಸಾಬವ್ವನ ಕೈಗಳು. ತಪ್ಪು ಹಿಡಿಕೆಯನ್ನು ಕೂರಿಸಿದವನು ನಾನು. ಕೂರಿಸಲು ಆಜ್ಞೆ ಕೊಟ್ಟವರು ನನ್ನ ಫೋರ್ಮನ್. ಸರಿಯಾದ ಹಿಡಿಕೆಯನ್ನು ಕಪಾಟಿನಲ್ಲಿ ಇಟ್ಟುಕೊಂಡೂ ಕೊಡದಿದ್ದವರು ನಮ್ಮ ಉಗ್ರಾಣದವರು. ವಿಚಾರಣೆಯ ಕಾಗದದಲ್ಲಿ ಅವಳ ಅರ್ಧ ಮಾತನ್ನಷ್ಟೇ ಬರೆಸಿಕೊಂಡವರು ಒಬ್ಬ ಅಧಿಕಾರಿ. ನಮ್ಮ ನಾಲ್ವರಲ್ಲಿ ಯಾರ ಮೈಮೇಲೂ ಒಂದು ಗುಳ್ಳೆ ಏಳಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ಕೈ ಸುಟ್ಟುಕೊಂಡವಳದೇ ತಪ್ಪೆಂದು ತೀರ್ಮಾನವಾಯಿತು; ಕೆಲಸವೂ ಅವಳದೇ ಹೋಯಿತು.

ಆಸ್ಪತ್ರೆಗಳ ಯಂತ್ರಗಳನ್ನು ದುರಸ್ತಿ ಮಾಡುವುದರಲ್ಲಿ ನನ್ನ ದುಡಿಮೆಯ ವರ್ಷಗಳೆಲ್ಲ ಕಳೆದವು. ಈ ಕೆಲಸಕ್ಕೆ ಹೊಸದಾಗಿ ಸೇರುವ ಯುವಕ ಯುವತಿಯರು ಕೆಲವೊಮ್ಮೆ ಮನೆಗೆ ಬಂದು, ಯಾವ ಯಂತ್ರ ಕಷ್ಟದ್ದು, ಯಾವುದು ಸುಲಭದ್ದು ಎಂದು ಕೇಳುತ್ತಾರೆ. ಕಷ್ಟದ ಯಂತ್ರವೆಂಬುದು ನನಗೆ ಸಿಗಲಿಲ್ಲ. ಯಂತ್ರದ ಒಂದು ತುದಿಗೆ ಬೋಲ್ಟು ಬಿಗಿಯುವ ನಮ್ಮ ಪಾನೆ ಇರುತ್ತದೆ, ಇನ್ನೊಂದು ತುದಿಗೆ ಯಾರದೋ ಕೈ ಇರುತ್ತದೆ. ಆ ಕೈಯನ್ನು ನೆನಪಿನಲ್ಲಿಡುವುದೇ ಕಷ್ಟ. ನನಗೆ ಯಾವ ವರ್ಷ ಯಾವ ಹುದ್ದೆ ಸಿಕ್ಕಿತೆಂಬುದು ಕಚೇರಿಯ ಪುಸ್ತಕಗಳಲ್ಲಿದೆ, ಅಲ್ಲೇ ಇರಲಿ. ನಾನು ಬರೆಯುತ್ತಿರುವುದು ಒಂದು ಬಾಗಿಲಿನ ಹಿಡಿಕೆಯ ವಿಷಯ.

ಎಪ್ಪತ್ತರ ದಶಕದ ಆರಂಭ. ಆಗ ನಮ್ಮ ಊರನ್ನು ವಿಜಾಪುರವೆಂದೇ ಕರೆಯುತ್ತಿದ್ದರು. ನನ್ನ ತಂದೆ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು; ನಾನು ತಾಂತ್ರಿಕ ತರಬೇತಿ ಮುಗಿಸಿ ಊರಲ್ಲೇ ಇದ್ದ ಒಂದು ಸಣ್ಣ ಕಾರ್ಯಾಗಾರಕ್ಕೆ ಸೇರಿದೆ. ಸುತ್ತಲ ಆಸ್ಪತ್ರೆಗಳ ಯಂತ್ರಗಳು ಕೆಟ್ಟರೆ ಅಲ್ಲಿಂದಲೇ ಮಿಸ್ತ್ರಿಗಳು ಹೋಗಬೇಕು. ನನ್ನ ಪಾಲಿಗೆ ತಿಕೋಟಾ ಮತ್ತು ಬಬಲೇಶ್ವರದ ರಸ್ತೆಗಳು ಬಂದವು. ಕೆಂಪು ಬಸ್ಸಿನ ಹಿಂದಿನ ಸೀಟು, ಕಾಲಡಿಗೆ ಹತಾರಗಳ ಚೀಲ. ಹಗಲು ಹೀಗೆ ಕಳೆದರೆ ಸಂಜೆ ಕಾರ್ಮಿಕರ ಅಧ್ಯಯನ ಕೂಟ. ಪ್ರಶ್ನೆ ಕೇಳದ ವಿದ್ಯಾರ್ಥಿಯನ್ನು ಪಾಸು ಮಾಡಲು ಒಪ್ಪದಿದ್ದ ಮಾಸ್ತರರ ಕೈಯಲ್ಲಿ ನಾನು ಕಲಿತವನು. ಕೂಟದಲ್ಲಿ ಶೋಷಣೆಯ ಕುರಿತು ಅರ್ಧ ಗಂಟೆ ತಡವರಿಸದೆ ಮಾತನಾಡಬಲ್ಲವನಾಗಿದ್ದೆ. ಇದನ್ನು ಹೆಮ್ಮೆಗಾಗಿ ಬರೆಯುತ್ತಿಲ್ಲ. ಮಾತು ಬೇಕಾಗಿದ್ದ ದಿನ ಆ ನಾಲಗೆ ಏನು ಮಾಡಿತೆಂಬುದನ್ನು ಮುಂದೆ ಹೇಳಬೇಕಾಗಿದೆ.

ತಿಕೋಟಾ ಭಾಗದ ಒಂದು ಊರಿನಲ್ಲಿ ಸಣ್ಣ ಹೆರಿಗೆ ಆಸ್ಪತ್ರೆಯಿತ್ತು. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ತಪ್ಪು ಮಾಡಿದವರು ಆ ಊರಿನವರಲ್ಲ. ಹೆರಿಗೆಗೆ ಬೇಕಾದ ಬಟ್ಟೆ, ಕತ್ತರಿ, ದಾರಗಳನ್ನು ಉಗಿಯಲ್ಲಿ ಬೇಯಿಸಿ ಶುದ್ಧ ಮಾಡಲು ಅಲ್ಲಿ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯಿತ್ತು. ಕೆಳಗೆ ಸೀಮೆಎಣ್ಣೆಯ ಸ್ಟೋ, ಮುಂದೆ ಅಂಗೈ ದಪ್ಪದ ಬಾಗಿಲು, ನೆತ್ತಿಯ ಮೇಲೆ ಒತ್ತಡ ತೋರಿಸುವ ಗಡಿಯಾರದಂಥ ಮಾಪಕ. ನಾವು ಅದಕ್ಕೆ ಇಂಗ್ಲಿಷ್ ಹೆಸರು ಹೇಳುತ್ತಿದ್ದೆವು. ಅದನ್ನು ದಿನವೂ ನಡೆಸುತ್ತಿದ್ದ ಆಯಾ ಸಾಬವ್ವ ‘ಉಗಿಪೆಟಗಿ’ ಎನ್ನುತ್ತಿದ್ದಳು. ಅವಳ ಹೆಸರೇ ಸರಿಯಾದದ್ದು.

ಸಾಬವ್ವ ಕಳ್ಳಕವಟಗಿಯವಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ತವರಿನಲ್ಲಿ ಬಿಟ್ಟು ಹಂಗಾಮಿ ಆಯಾ ಆಗಿ ಸೇರಿದ್ದಳು. ಯಂತ್ರ ಬಂದ ವಾರ ಅದನ್ನು ನಡೆಸುವುದನ್ನು ಕಲಿಸಲು ನಾನೇ ಹೋಗಿದ್ದೆ.

"ಅಕ್ಕಾರ, ಈ ಮುಳ್ಳು ಸೊನ್ನಿಗೆ ಬಂದ ಮ್ಯಾಲ ಬಾಗಲಾ ತೆರೀಬೇಕು," ಎಂದು ಮಾಪಕ ತೋರಿಸಿದೆ.

ಅವಳು ಕತ್ತು ಮೇಲೆತ್ತಿ ಬಹಳ ಹೊತ್ತು ನೋಡಿದಳು. "ಸೊನ್ನಿ ಯಾವುದೋ ಯಪ್ಪಾ ಅದರಾಗ? ನನಗ ಎಲ್ಲಾ ಇರವಿ ಹರದಂಗ ಕಾಣತೈತಿ."

ಆಗ ನಾನು ಸುಲಭದ ದಾರಿ ಹೇಳಿಕೊಟ್ಟೆ. ಆ ಬಾಗಿಲಿನ ಹಿಡಿಕೆಗೆ ಮೂರು ಭಾಗಗಳಿದ್ದವು: ಕೈಗೆ ಬಿಸಿ ತಾಗದಂಥ ಕಪ್ಪು ಹಿಡಿ, ಅದನ್ನು ಹೊತ್ತ ಕಬ್ಬಿಣದ ತೋಳು, ತೋಳಿನ ಬುಡದಲ್ಲಿ ಹೆಬ್ಬೆರಳಿನಷ್ಟು ಒಂದು ನಾಲಿಗೆ. ಒಳಗೆ ಉಗಿ ತುಂಬಿದಾಗ ಬಾಗಿಲಿನೊಳಗಿನ ಒಂದು ಮೊಳೆ ಮೇಲೆದ್ದು ಆ ನಾಲಿಗೆಯನ್ನು ಹಿಡಿದುಕೊಳ್ಳುತ್ತಿತ್ತು, ಹಿಡಿಕೆ ಅಲುಗುತ್ತಿರಲಿಲ್ಲ. ಉಗಿ ಪೂರ್ತಿ ಹೋದ ಮೇಲೆ ಮೊಳೆ ಕೆಳಗಿಳಿದು ಹಿಡಿಕೆ ಸಡಿಲವಾಗುತ್ತಿತ್ತು.

"ಹಂಗಾರ ಮುಳ್ಳು ಬಿಡ್ರಿ," ಎಂದೆ. "ಹಿಡಿಕಿ ಹಿಡದು ನೋಡ್ರಿ. ಒಳಗ ಉಗಿ ಇದ್ರ ಅದು ತಿರಗಂಗಿಲ್ಲ. ತಿರಗಿತಂದ್ರ ಉಗಿ ಹೋಗೈತಿ ಅಂತ ತಿಳೀರಿ."

ಅವಳು ಮಣಿಕಟ್ಟಿನಿಂದ ಹಿಡಿಕೆಯನ್ನು ಒತ್ತಿ ನೋಡಿದಳು. ಅದು ಜಗ್ಗಲಿಲ್ಲ. ನಕ್ಕಳು. "ಹಠಮಾರಿ ಎಮ್ಮಿ ಇದ್ದಂಗ ಐತಿ ಬಿಡು. ತಾನ ಮನಸ್ಸು ಮಾಡಿದಾಗ ಹಾಲು ಕೊಡತೈತಿ."

ಅಂದಿನಿಂದ ಅವಳು ಒಮ್ಮೆಯೂ ತಪ್ಪಲಿಲ್ಲ. ಮೂರು ವರ್ಷ ಆ ಪೆಟ್ಟಿಗೆಯನ್ನು ಅವಳಷ್ಟು ಚೊಕ್ಕವಾಗಿ ನಡೆಸಿದವರನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಇಲ್ಲಿ ನನ್ನ ಮೊದಲ ತಪ್ಪನ್ನು ಗುರುತಿಸುತ್ತೇನೆ: ಮಾಪಕದ ಮೇಲೆ ಸೊನ್ನೆ ಇರುವಲ್ಲಿ ಒಂದು ಕೆಂಪು ಗೆರೆ ಬಳಿದಿದ್ದರೆ ಅವಳು ಅದನ್ನೂ ಓದುತ್ತಿದ್ದಳು. ಅಷ್ಟು ಬಣ್ಣ ನನ್ನ ಚೀಲದಲ್ಲೇ ಇತ್ತು. ನನಗೆ ಹೊಳೆಯಲಿಲ್ಲ.

ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ ವರ್ಷಗಳ ಬಿಸಿಗೆ ಕಲ್ಲಿನಂತಾಗಿತ್ತು. ಹೊಸ ಪಟ್ಟಿಗಾಗಿ ಆಸ್ಪತ್ರೆಯಿಂದ ಎರಡು ಸಲ ಪತ್ರ ಬಂದಿತ್ತು. ಎರಡಕ್ಕೂ ನಮ್ಮ ಕಾರ್ಯಾಗಾರ ಉತ್ತರಿಸಿರಲಿಲ್ಲ. ಪಟ್ಟಿ ಬಿಗಿದಂತೆಲ್ಲ ಹಿಡಿಕೆಯ ಮೇಲೆ ಹೆಚ್ಚು ಬಲ ಬೀಳುತ್ತಿತ್ತು. ಒಂದು ದಿನ ತೋಳು ಬುಡದಲ್ಲಿ ತುಂಡಾಯಿತು. ನಾನು ಹೋದಾಗ ಸಾಬವ್ವ ಎರಡು ತುಂಡುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದಳು.

"ಮುರದದ್ದು ನನ್ನ ಕೈಯಾಗ, ಖರೆ," ಎಂದಳು. "ಮುರದಾಕಿ ನಾ ಅಲ್ಲ. ಬಾಗಲಾ ಕಲ್ಲಾಗೈತಿ, ಹಿಡಿಕಿ ಎಷ್ಟಂತ ತಾಳೀತು?"

"ನಾಲಿಗಿ ಎಲ್ಲೈತ್ರಿ ಅಕ್ಕಾರ?"

"ಯಾವ ನಾಲಿಗಿ?"

ಮುರಿದ ಗಳಿಗೆಯಲ್ಲಿ ಆ ಚಿಕ್ಕ ತುಂಡು ಎಲ್ಲಿಗೋ ಸಿಡಿದಿತ್ತು. ಕಸ ಗುಡಿಸಿಯಾಗಿತ್ತು, ಕಸ ಆಸ್ಪತ್ರೆಯ ಹಿಂದಿನ ಬೂದಿ ಗುಂಡಿ ಸೇರಿತ್ತು. ನಾನು ಎರಡು ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದೆ.

ಇಲ್ಲಿ ನಮ್ಮ ಉಗ್ರಾಣದ ಒಂದು ಪದ್ಧತಿಯನ್ನು ವಿವರಿಸಬೇಕು. ಹಳೆಯ ಭಾಗವನ್ನು ಪೂರ್ತಿಯಾಗಿ ಒಪ್ಪಿಸದೆ ಹೊಸ ಭಾಗ ಕೊಡುವಂತಿರಲಿಲ್ಲ. ಹಿಂದೆ ಯಾರೋ ಹೊಸ ಭಾಗಗಳನ್ನು ಗುಜರಿಗೆ ಮಾರಿದ್ದರಿಂದ ಹುಟ್ಟಿದ ನಿಯಮವಂತೆ. ಕಳ್ಳನನ್ನು ಹಿಡಿಯಲು ಮಾಡಿದ ನಿಯಮ ಮುರಿದ ಯಂತ್ರದ ಮುಂದೆ ಕೂತ ಆಯಾಳನ್ನೂ ಕಳ್ಳಿಯ ಸಾಲಿನಲ್ಲಿ ನಿಲ್ಲಿಸುತ್ತದೆ ಎಂದು ಅದನ್ನು ಬರೆದವರು ಯೋಚಿಸಿರಲಾರರು. ಉಗ್ರಾಣ ನೋಡಿಕೊಳ್ಳುತ್ತಿದ್ದ ಮಲ್ಲೇಶಪ್ಪ ನಾನು ತಂದ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿದರು.

"ಹಿಡಿಕಿ ಅಂದ್ರ ಮೂರು ತುಂಡು. ನೀ ತಂದದ್ದು ಎರಡು," ಎಂದರು.

"ಮೂರನೇದು ಸಿಕ್ಕಿಲ್ರಿ. ಹುಡಕಾಕತ್ತಾರ."

"ಸಿಗಲಿ. ಸಿಕ್ಕ ಮ್ಯಾಲ ಬಾ."

"ಹೊಸಾದು ಅಲ್ಲೇ ಕಪಾಟಿನ್ಯಾಗ ಕಾಣಾಕತ್ತೈತಲ್ರಿ."

ಮಲ್ಲೇಶಪ್ಪ ತಿರುಗಿ ಕಪಾಟನ್ನು ನೋಡಿದರು. ಮೇಣಗಾಗದ ಸುತ್ತಿದ ಹೊಸ ಹಿಡಿಕೆ, ಅದರ ನಾಲಿಗೆ ಸಮೇತ, ಎರಡನೇ ಹಲಗೆಯ ಮೇಲಿತ್ತು. "ಕಾಣತೈತಿ," ಎಂದರು. "ಕಾಣಲಿ."

ಅವರು ಕೆಟ್ಟ ಮನುಷ್ಯರೇನಲ್ಲ. ನನ್ನ ಮದುವೆಗೆ ಬಂದು ಊಟ ಬಡಿಸಲು ನಿಂತವರು. ಆದರೂ ತಪ್ಪನ್ನು ತಪ್ಪೆಂದೇ ಬರೆಯುತ್ತೇನೆ. ನಿಯಮದ ಹಿಂದೆ ನಿಂತುಕೊಂಡ ಒಳ್ಳೆಯವರಿಂದ ಈ ದೇಶದಲ್ಲಿ ಎಷ್ಟು ಜನರ ಕೈ ಸುಟ್ಟಿದೆಯೋ ಯಾರೂ ಲೆಕ್ಕವಿಟ್ಟಿಲ್ಲ.

ಯಂತ್ರ ನಿಂತು ನಾಲ್ಕನೆಯ ದಿನಕ್ಕೆ ಆಸ್ಪತ್ರೆಯ ವೈದ್ಯರು ಫೋರ್ಮನ್ ಸಾಹೇಬರಿಗೆ ಫೋನು ಮಾಡಿ ಕೂಗಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ; ಹೆರಿಗೆಯ ಬಟ್ಟೆಗಳನ್ನು ಹಂಡೆಯಲ್ಲಿ ಕುದಿಸಿ ಎಷ್ಟು ದಿನ ನಡೆಸುವುದು? ಫೋರ್ಮನ್ ನನ್ನನ್ನು ಕರೆದು ಅಂಗಳದ ಮೂಲೆ ತೋರಿಸಿದರು. ಅಲ್ಲಿ ರದ್ದಾದ ಹಳೆಯ ಪೆಟ್ಟಿಗೆಯೊಂದು ತುಕ್ಕು ಹಿಡಿದು ಬಿದ್ದಿತ್ತು. ಅದು ಬೇರೆ ಕಂಪನಿಯದು.

"ಅದರ ಹಿಡಿಕಿ ಬಿಚ್ಚಿ ಇದಕ್ಕ ಹಾಕಿ ಬಾ."

"ಅದಕ್ಕ ನಾಲಿಗಿ ಇಲ್ರಿ ಸಾಹೇಬ್ರ. ಉಗಿ ಇದ್ರೂ ತಿರಗತೈತಿ."

"ಬೋಲ್ಟಿನ ತೂತು ಕೂಡತಾವೋ ಇಲ್ಲೋ?"

"ಕೂಡತಾವ್ರಿ."

"ಮತ್ತೇನ್ ಪುರಾಣ ಹಚ್ಚಿ? ನಾಲ್ಕು ದಿನದ ಮಾತು. ಖರೇದು ಸಿಕ್ಕ ಮ್ಯಾಲ ಬದಲ ಮಾಡಿದ್ರಾತು."

ಈ ವೃತ್ತಿಗೆ ಬರುವವರು ‘ಬೋಲ್ಟಿನ ತೂತು ಕೂಡುತ್ತದೆ’ ಎಂಬ ಮಾತಿಗೆ ಹೆದರಬೇಕು. ತೂತು ಕೂಡಿದ ಭಾಗ ನೋಡುವವರ ಕಣ್ಣಿಗೆ ಸರಿಯಾದ ಭಾಗದಂತೆಯೇ ಕಾಣುತ್ತದೆ. ಅಪಾಯ ಇರುವುದೇ ಅಲ್ಲಿ. ಕೂಡದಿದ್ದರೆ ಅದನ್ನು ಹಾಕಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ, ಇಂದು ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ನಾನು ಹೋದ ದಿನ ಸಾಬವ್ವ ಇರಲಿಲ್ಲ. ಸಿಸ್ಟರ್ ಸರೋಜಿನಿ, ಆಸ್ಪತ್ರೆಗೆ ಇದ್ದ ಒಬ್ಬರೇ ದಾದಿ, ಮೇಜಿನ ಖಾನೆಯಿಂದ ಬಟ್ಟೆಯ ಗಂಟೊಂದನ್ನು ತೆಗೆದು ನನ್ನ ಕೈಗಿಟ್ಟರು. ಬಿಚ್ಚಿದರೆ ಒಳಗೆ ಆ ನಾಲಿಗೆ. ಬೂದಿಯೆಲ್ಲ ಉಜ್ಜಿ, ತೊಳೆದು, ಎಣ್ಣೆ ಸವರಿ ಇಟ್ಟಿತ್ತು.

"ಸಾಬವ್ವ ಕೊಟ್ಟು ಹೋಗ್ಯಾಳ. ಮೂರು ದಿನ ಸಾಣಿಗಿ ಹಿಡಕೊಂಡು ಬೂದಿ ಗುಂಡಿ ಸಾಣಿಸಿದ್ಲು ನೋಡ್ರಿ. ಮೂಗು ಬಾಯಿ ಎಲ್ಲಾ ಬೂದಿ. ಇದು ಸಿಗೂತನಕ ಊರಿಗೆ ಹೋಗಾಕಿ ಅಲ್ಲಂದ್ಲು."

"ಯಾವಾಗ ಬರತಾರ್ರಿ?"

"ತಂಗಿ ಹಡದಾಳಂತ. ಸೋಮಾರ ಬರತಾಳ."

ನಾಲಿಗೆ ಕೈಯಲ್ಲಿದೆ, ನಾಳೆಯೇ ಹೊಸ ಹಿಡಿಕೆ ಸಿಗುತ್ತದೆ. ಅಷ್ಟರವರೆಗೆ ಯಂತ್ರ ನಡೆಯಲಿ. ಹೀಗೆ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ತಪ್ಪು ಹಿಡಿಕೆಯನ್ನು ಕೂರಿಸಿದೆ. ಅದಕ್ಕೆ ಒಂದು ಪದರ ಕಪ್ಪು ಬಣ್ಣ ಬಳಿದೆ. ನೋಡಲು ಹೊಸದರಂತೆಯೇ ಆಯಿತು. "ಸಾಬವ್ವ ಬಂದ ಕೂಡಲೇ ಹೇಳ್ರಿ, ಈ ಹಿಡಿಕಿ ಯಾವಾಗ ಬೇಕಾದ್ರೂ ತಿರಗತೈತಿ, ನಂಬಬ್ಯಾಡ ಅಂತ," ಎಂದು ಸಿಸ್ಟರಿಗೆ ಹೇಳಿದೆ. ಅವರು ಹೂಂ ಎಂದರು. ಯಂತ್ರದ ಪುಸ್ತಕದಲ್ಲಿ, ಸುರಕ್ಷತೆಯ ತಡೆ ಇಲ್ಲ, ಮಾಪಕ ನೋಡಿಯೇ ಬಾಗಿಲು ತೆರೆಯತಕ್ಕದ್ದು ಎಂದು ಬರೆದು ಸಹಿ ಮಾಡಿದೆ. ಇಂಗ್ಲಿಷಿನಲ್ಲಿ ಬರೆದೆ. ಪುಸ್ತಕ ವೈದ್ಯರ ಕೋಣೆಯ ಕಪಾಟಿನಲ್ಲಿರುತ್ತಿತ್ತು. ಮರುದಿನವೇ ಸಿಸ್ಟರನ್ನು ಬೇರೆ ಊರಿನ ಶಿಬಿರದ ಕೆಲಸಕ್ಕೆ ಕಳುಹಿಸಿದರೆಂಬುದು ನನಗೆ ಆಮೇಲೆ ತಿಳಿಯಿತು.

ನಾಲಿಗೆಯನ್ನು ಹಿಡಿದುಕೊಂಡು ಉಗ್ರಾಣಕ್ಕೆ ಹೋದೆ. ಮಲ್ಲೇಶಪ್ಪ ಮೂರನ್ನೂ ಜೋಡಿಸಿ ನೋಡಿ ತಲೆಯಾಡಿಸಿದರು. "ಈಗ ಲೆಕ್ಕ ಸರಿ ಆತು. ಸಾಹೇಬ್ರ ಸಹಿ ಹಾಕಿಸ್ಕೊಂಡು ಬಾ." ಫೋರ್ಮನ್ ಸಾಹೇಬರು ಹೊಸ ಹಿಡಿಕೆಯ ಬೇಡಿಕೆ ಚೀಟಿ ನೋಡಿದರು.

"ಯಂತ್ರ ನಡದೈತಿಲ್ಲೋ?"

"ನಡದೈತ್ರಿ. ಆದ್ರ..."

"ನಡಿಯೋ ಯಂತ್ರಕ್ಕ ಹೊಸಾ ಭಾಗ ಯಾಕ? ನಾಳೆ ಬ್ಯಾರೆ ಕಡೆ ಖರೇನ ನಿಂತದ್ದಕ್ಕ ಬೇಕಾಗತೈತಿ. ಇರಲಿ ಅದು." ಸಹಿಯಿಲ್ಲದೆ ಚೀಟಿ ಹಿಂದಕ್ಕೆ ಬಂತು.

ನಾನು ಆ ‘ಆದ್ರ’ದ ಮುಂದಿನ ಮಾತನ್ನು ಹೇಳಬೇಕಿತ್ತು. ಹೇಳಲಿಲ್ಲ. ಅವರು ಸಿಡುಕಿನವರು, ನನ್ನದು ಇನ್ನೂ ಕಾಯಂ ಆಗದ ಕೆಲಸ. ನಾಲಿಗೆಯನ್ನು ಅದೇ ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದೆ. ಆ ಸಂಜೆ ಕೂಟದಲ್ಲಿ ಕೆಲಸಗಾರರ ಸುರಕ್ಷತೆಯ ಮೇಲೆಯೇ ಚರ್ಚೆಯಿತ್ತು. ನಾನು ಚೆನ್ನಾಗಿ ಮಾತನಾಡಿದೆನೆಂದು ಗೆಳೆಯರು ಬೆನ್ನು ತಟ್ಟಿದರು.

ಸೋಮವಾರ ಸಾಬವ್ವ ಬಂದಳು. ಬಾಗಿಲಿಗೆ ಹೊಸ ಕಪ್ಪು ಹಿಡಿಕೆ ಕಂಡಿತು. ತಾನು ಹುಡುಕಿಕೊಟ್ಟ ತುಂಡಿನಿಂದಲೇ ಅದು ಬಂದಿತೆಂದು ತಿಳಿದಳು. ಹಾಗೆ ತಿಳಿಯದೆ ಇನ್ನೇನು ತಿಳಿದಾಳು? ಮೂರು ದಿನ ಜರಡಿ ಹಿಡಿದು ಬೂದಿ ಸಾಣಿಸಿದ್ದು ಅದಕ್ಕಾಗಿಯೇ ಅಲ್ಲವೇ. ಮೊದಲ ಎರಡು ದಿನ ಏನೂ ಆಗಲಿಲ್ಲ, ಏಕೆಂದರೆ ಉಗಿ ಪೂರ್ತಿ ಹೋಗುವಷ್ಟು ಹೊತ್ತು ಅವಳು ಬೇರೆ ಕೆಲಸದಲ್ಲಿದ್ದಳು. ಮೂರನೆಯ ದಿನ ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಇಟ್ಟಂಗಿಹಾಳದಿಂದ ತವರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳ ಹೆರಿಗೆ ಹತ್ತಿರವಾಗಿತ್ತು. ಬಟ್ಟೆ ಬೇಗ ಬೇಕಾಗಿತ್ತು. ಸಾಬವ್ವ ಸ್ಟೋ ಆರಿಸಿ ಉಗಿ ಬಿಡುವ ನಳವನ್ನು ತೆರೆದಳು. ನಳದಲ್ಲಿ ಕಿಟ್ಟ ಕಟ್ಟಿತ್ತು. ಸ್ವಲ್ಪ ಹೊತ್ತು ಸುಯ್ಯೆಂದು ನಿಂತುಹೋಯಿತು. ಅವಳು ಕಲಿತಂತೆ ಮಣಿಕಟ್ಟಿನಿಂದ ಹಿಡಿಕೆಯನ್ನು ಒತ್ತಿ ನೋಡಿದಳು.

ಹಿಡಿಕೆ ತಿರುಗಿತು.

ಬಾಗಿಲು ತಾನೇ ಹಾರಿ ತೆರೆದುಕೊಂಡಿತು. ಎರಡೂ ಕೈಗಳು ಮೊಣಕೈವರೆಗೆ, ಕುತ್ತಿಗೆಯ ಒಂದು ಬದಿ. ಕೂಗು ಕೇಳಿ ವೈದ್ಯರು ಓಡಿ ಬಂದಾಗ ಅವಳು ಗೋಡೆಗೊರಗಿ, ಸುಟ್ಟ ಕೈಗಳನ್ನು ಮುಂದೆ ಚಾಚಿಕೊಂಡು, "ಬಟ್ಟಿ ನೆಲಕ್ಕ ಬಿದ್ದಿಲ್ರಿ, ಸ್ವಚ್ಛ ಅದಾವ," ಎಂದಳಂತೆ. ಅವೇ ಬಟ್ಟೆಗಳಲ್ಲಿ ಅರ್ಧ ಗಂಟೆಯ ಮೇಲೆ ಕೂಸು ಹುಟ್ಟಿತು.

ಅವಳನ್ನು ವಿಜಾಪುರದ ಆಸ್ಪತ್ರೆಗೆ ತಂದರು. ಜೀವಕ್ಕೆ ಅಪಾಯವಾಗಲಿಲ್ಲ. ಎಡಗೈ ಬಹುಮಟ್ಟಿಗೆ ವಾಸಿಯಾಯಿತು. ಬಲಗೈಯ ಅಂಗೈ ಚರ್ಮ ಸುಕ್ಕಿ ಬಿಗಿದು, ಬೆರಳುಗಳು ಅರ್ಧ ಮಡಿಚಿದಂತೆಯೇ ಉಳಿದವು. ನಮ್ಮ ಕಡೆಯ ಹೆಣ್ಣುಮಗಳಿಗೆ ಅಂಗೈ ಅಗಲವಾಗಿ ತೆರೆಯದಿದ್ದರೆ ಜೋಳದ ರೊಟ್ಟಿ ಬಡಿಯಲಾಗದು. ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ವಿಚಾರಣೆ ಆಸ್ಪತ್ರೆಯ ಪಡಸಾಲೆಯಲ್ಲಿ ನಡೆಯಿತು. ಮೇಲಿನಿಂದ ಬಂದ ಅಧಿಕಾರಿ ಕುರ್ಚಿಯಲ್ಲಿ, ಗುಮಾಸ್ತ ಪಕ್ಕದ ಸ್ಟೂಲಿನಲ್ಲಿ. ಸಾಬವ್ವ ಕಟ್ಟು ಹಾಕಿದ ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಕೂರಲು ಯಾರೂ ಹೇಳಲಿಲ್ಲ.

ಅಧಿಕಾರಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಮಾಪಕ ನೋಡಿಯೇ ತೆರೆಯಬೇಕು ಎಂದು ಪುಸ್ತಕದಲ್ಲಿ ಬರೆದಿದ್ದೀರಾ?"

"ಬರೆದಿದ್ದೇನೆ," ಎಂದೆ.

ಫೋರ್ಮನ್ ಸಾಹೇಬರು ನನ್ನ ಪಕ್ಕದಲ್ಲೇ ಇದ್ದರು. ನಾಲಿಗೆ ನನ್ನ ಕಾಲಬುಡದ ಚೀಲದಲ್ಲಿತ್ತು. ನಾನು ಬಗ್ಗಿ ಅದನ್ನು ತೆಗೆದು ಮೇಜಿನ ಮೇಲಿಡಲು ಎಷ್ಟು ಹೊತ್ತು ಬೇಕಿತ್ತು? ನಾನು ಬಗ್ಗಲಿಲ್ಲ. ಕೇಳಿದ್ದಕ್ಕೆ ಸತ್ಯವನ್ನೇ ಹೇಳಿದ್ದೇನೆ ಎಂಬ ಸಮಾಧಾನದಲ್ಲಿ ನಿಂತೆ. ಒಂದು ಸತ್ಯವನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಸುಳ್ಳಿಗಿಂತ ಹೆಚ್ಚು ಕೆಲಸ ಮಾಡುತ್ತದೆಂದು ಅಂದು ಕಲಿತೆ.

ಆಮೇಲೆ ಅಧಿಕಾರಿ ಸಾಬವ್ವನ ಕಡೆ ತಿರುಗಿದರು. "ಮುಳ್ಳು ಯಾಕೆ ನೋಡಲಿಲ್ಲ?"

"ನನಗ ಮುಳ್ಳು ಓದಾಕ ಬರಂಗಿಲ್ರಿ," ಎಂದಳು ಸಾಬವ್ವ. "ಹಿಡಿಕಿ ಓದಾಕ ಬರತೈತ್ರಿ."

ಗುಮಾಸ್ತ ಮೊದಲ ವಾಕ್ಯವನ್ನು ಬರೆದುಕೊಂಡ. ಎರಡನೆಯದಕ್ಕೆ ಲೇಖನಿ ಎತ್ತಿ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಸಾಕೆಂಬಂತೆ ಕೈಯಾಡಿಸಿದರು. ಕೊನೆಯಲ್ಲಿ ‘ಓದಿ ಹೇಳಲಾಗಿದೆ, ಒಪ್ಪಿರುತ್ತಾಳೆ’ ಎಂದು ಬರೆದರು. ಯಾರೂ ಓದಿ ಹೇಳಲಿಲ್ಲ. ಕಟ್ಟಿನಿಂದ ಹೊರಗೆ ಕಾಣುತ್ತಿದ್ದ ಎಡಗೈ ಹೆಬ್ಬೆರಳನ್ನು ಹಿಡಿದು ಮಸಿಗೆ ಒತ್ತಿದರು. ತಿಂಗಳೊಳಗೆ ಆದೇಶ ಬಂತು: ಅವಘಡಕ್ಕೆ ‘ಆಯಾಳ ನಿರ್ಲಕ್ಷ್ಯವೇ ಕಾರಣ’. ಹಂಗಾಮಿ ಕೆಲಸವಾದ್ದರಿಂದ ಬಿಡಿಸಲು ಬೇರೆ ಕಾಗದವೂ ಬೇಕಾಗಲಿಲ್ಲ. ಆದೇಶ ಬಂದ ಎರಡು ದಿನಕ್ಕೆ ಮಲ್ಲೇಶಪ್ಪ ನನ್ನನ್ನು ಕರೆದು, ಮೇಣಗಾಗದ ಸುತ್ತಿದ ಹೊಸ ಹಿಡಿಕೆಯನ್ನು ತಾವಾಗಿ ಕೈಗಿತ್ತರು. ಹಳೆಯ ತುಂಡುಗಳನ್ನು ಕೇಳಲಿಲ್ಲ. ಅದನ್ನು ಕೂರಿಸಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ.

ಅದಾದ ಮೇಲೆ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಬಬಲೇಶ್ವರದ ಕಡೆಯ ಒಂದು ಆಸ್ಪತ್ರೆಯಲ್ಲಿ ಅಂಥದೇ ಪೆಟ್ಟಿಗೆಯಲ್ಲಿ ಒತ್ತಡ ಮಿತಿ ಮೀರಿದರೆ ಉಗಿ ಬಿಡುವ ಮುಚ್ಚಳ ಕೆಟ್ಟಾಗ ಫೋರ್ಮನ್ ಸಾಹೇಬರು ಮತ್ತೆ ಬೇರೆ ಯಂತ್ರದ್ದನ್ನು ಹಾಕಲು ಹೇಳಿದರು. ನಾನು ಯಂತ್ರಕ್ಕೆ ಕೆಂಪು ಬಟ್ಟೆ ಕಟ್ಟಿ, ‘ಇದನ್ನು ಹಚ್ಚಬೇಡಿರಿ’ ಎಂದು ಕನ್ನಡದಲ್ಲಿ ಬರೆದು ಬಂದೆ. ಅಲ್ಲಿನ ಆಯಾ ಜೈನಾಪುರದ ಮುದುಕಿ. ಅವಳಿಗೆ ಅದನ್ನು ಎರಡು ಸಲ ಓದಿ ಹೇಳಿದೆ.

"ಕೆಂಪು ಅರಬಿ ಕಂಡ್ರ ಸಾಕು ಬಿಡೋ ತಮ್ಮಾ," ಎಂದಳು ಮುದುಕಿ. "ಎತ್ತಿಗೂ ತಿಳೀತೈತಿ, ನನಗ ತಿಳಿಯಂಗಿಲ್ಲೇನು?"

ಫೋರ್ಮನ್ ಸಾಹೇಬರು ನನಗೆ ಕಾರಣ ಕೇಳಿ ನೋಟಿಸು ಕೊಟ್ಟರು. ಉತ್ತರದಲ್ಲಿ ಸಾಬವ್ವನ ಹೆಸರನ್ನು ಮೊದಲ ಸಲ ಬರೆದೆ. ನೋಟಿಸು ಮುಂದುವರಿಯಲಿಲ್ಲ, ನನ್ನ ಉತ್ತರವೂ ಯಾವ ಕಡತ ಸೇರಿತೋ ತಿಳಿಯಲಿಲ್ಲ. ಅಂದಿನಿಂದ ನಿವೃತ್ತಿಯ ದಿನದವರೆಗೆ, ಯಂತ್ರವನ್ನು ಮುಟ್ಟುವವರ ಎದುರಿಗೆ, ಅವರ ಕೈಯಿಂದಲೇ ಒಂದು ಸಲ ನಡೆಸಿ ನೋಡದೆ ನಾನು ಚೀಲ ಮುಚ್ಚಲಿಲ್ಲ. ದುರಸ್ತಿಯ ವರದಿಯನ್ನು ಒಪ್ಪಿಸಬೇಕಾದದ್ದು ಪುಸ್ತಕಕ್ಕಲ್ಲ, ಆ ಕೈಗೆ. ಇದೊಂದನ್ನೇ ನಾನು ಹೊಸಬರಿಗೆ ಕಲಿಸಬಲ್ಲೆ.

ದಶಕ ಮುಗಿಯುವ ಹೊತ್ತಿಗೆ ಕಳ್ಳಕವಟಗಿಗೆ ಹೋದೆ. ಅಷ್ಟು ದಿನ ಹೋಗಲು ಧೈರ್ಯವಿರಲಿಲ್ಲ. ಸಾಬವ್ವ ಅಂಗಳದಲ್ಲಿ ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದಳು. ಮಗಳು ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನಾನು ಬಟ್ಟೆಯ ಗಂಟನ್ನು ಬಿಚ್ಚಿ ನಾಲಿಗೆಯನ್ನು ಅವಳ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಹಿಡಿಕೆ ಬೇರೆಯದು, ನನಗೆ ಗೊತ್ತಿತ್ತು, ಪಡಸಾಲೆಯಲ್ಲಿ ನಾನು ಬಾಯಿ ಬಿಡಲಿಲ್ಲ.

ಅವಳು ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಅಂದ್ರ ಇದನ್ನ ಹಾಕ್ಲಿಲ್ಲ ನೀವು."

"ಇಲ್ರಿ ಅಕ್ಕಾರ."

"ಎಷ್ಟು ಬೂದಿ ನುಂಗೀನಿ ಗೊತ್ತೈತೇನು ಇದರ ಸಲುವಾಗಿ?" ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದಳು. "ಇಷ್ಟು ವರ್ಷ ನಾನ ಏನೋ ತಪ್ಪು ಮಾಡೀನಿ ಅಂದ್ಕೊಂಡಿದ್ದೆ ನೋಡು. ಹಿಡಿಕಿ ಖರೇನ ತಿರಗಿತ್ತೋ, ನಾನ ಗಡಬಡಿಯಾಗ ಜಗ್ಗಿದೆನೋ ಅಂತ. ಕನಸಿನ್ಯಾಗೂ ಅದನ್ನ ಒತ್ತಿ ಒತ್ತಿ ನೋಡತಿದ್ದೆ."

ತುಂಡನ್ನು ಮತ್ತೆ ಬಟ್ಟೆಯ ಮೇಲಿಟ್ಟು ನನ್ನ ಕಡೆ ಸರಿಸಿದಳು.

"ಅವತ್ತ ಹೇಳಿದ್ರ ಕೈ ಉಳೀತಿತ್ತು," ಎಂದಳು. "ಸಾಹೇಬನ ಮುಂದ ಹೇಳಿದ್ರ ಹೆಸರು ಉಳೀತಿತ್ತು. ಈಗ ನನಗ ಹೇಳಿ ಏನ್ ಮಾಡ್ತೀ? ನನಗ ಹೇಳಬ್ಯಾಡ. ಆ ಕಾಗದಕ್ಕ ಹೇಳು." ಆಮೇಲೆ ಮಗಳನ್ನು ಕೂಗಿದಳು. "ಮಿಸ್ತ್ರಿಗೆ ಚಾ ಇಡಬೇ. ಹೊತ್ತಾಗಿ ಬಂದಾನ, ಆದ್ರೂ ಬಂದಾನ."

ಕಾಗದಕ್ಕೆ ಹೇಳುವ ಪ್ರಯತ್ನವನ್ನು ಅಂದಿನಿಂದ ವರ್ಷಗಟ್ಟಲೆ ಮಾಡಿದೆ. ಅರ್ಜಿ ಬರೆದೆ, ಎದುರಿಗೆ ನಿಂತು ಹೇಳಿದೆ. ಪ್ರಕರಣ ಮುಗಿದಿದೆ ಎಂದು ಒಮ್ಮೆ, ಕಡತ ಸಿಗುತ್ತಿಲ್ಲ ಎಂದು ಇನ್ನೊಮ್ಮೆ, ಅಷ್ಟು ಹಳೆಯದಕ್ಕೆ ಈಗ ಯಾಕೆ ಎಂದು ಮತ್ತೊಮ್ಮೆ ಉತ್ತರ ಬಂತು. ಕೊನೆಗೆ ದಣಿದು ಬಿಟ್ಟಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮತ್ತೆ ಲೇಖನಿ ಹಿಡಿಯುವಂತೆ ಮಾಡಿದ್ದು ಕಳೆದ ತಿಂಗಳ ಒಂದು ಸಣ್ಣ ಸಂಗತಿ. ಮಗಳ ಮನೆಯಲ್ಲಿ ಮೈಕ್ರೋವೇವ್ ಒಲೆಯ ಬಾಗಿಲಿನ ಹಿಡಿಕೆ ಮುರಿದಿತ್ತು. ದುರಸ್ತಿಗೆ ಒಬ್ಬ ಯುವತಿ ಬಂದಳು. ಅಂಟು ಹಚ್ಚಿ ಕೂರಿಸಿಬಿಡಮ್ಮ ಎಂದು ಮಗಳು ಅವಸರ ಮಾಡಿದಳು. ಯುವತಿ ಒಪ್ಪಲಿಲ್ಲ. ಒಲೆಯ ಹಿಂಬದಿಯ ಚೀಟಿಯಿಂದ ನಂಬರು ಬರೆದುಕೊಂಡು, ಹೊಸ ಹಿಡಿಕೆ ತರಿಸಬೇಕು, ನಾಲ್ಕು ದಿನ ಇದನ್ನು ಹಚ್ಚಬೇಡಿ ಎಂದಳು.

"ಹಿಡಿಕಿ ಅಷ್ಟೇ ಅಲ್ಲೇನವ್ವಾ?" ಎಂದು ಬೇಕೆಂದೇ ಕೇಳಿದೆ.

"ಇದು ಬಾಗಲಾ ಬಿಗಿಯಾಗಿ ಹಿಡಿಯೋ ಹಿಡಿಕ್ರಿ ಅಜ್ಜಾರ. ಬಾಗಲಾ ಸರಿ ಮುಚ್ಚಲಿಲ್ಲಂದ್ರ ಒಲಿ ಹತ್ತಬಾರದು. ನಾ ಅಂಟು ಹಚ್ಚಿ ಹೋದ್ರ ನಾಳೆ ಇದರ ಮುಂದ ನಿಲ್ಲಾಕಿ ನಾ ಅಲ್ಲಲ್ರಿ."

ನಾಲ್ಕನೆಯ ದಿನ ಸರಿಯಾದ ಹಿಡಿಕೆಯೊಂದಿಗೆ ಬಂದಳು. ಯಾರೂ ಅವಳನ್ನು ಮೂರನೆಯ ತುಂಡು ಕೇಳಿರಲಿಲ್ಲ. ಕೂರಿಸಿ, ನನ್ನ ಮಗಳ ಕೈಯಿಂದಲೇ ಬಾಗಿಲನ್ನು ತೆಗೆಸಿ ಮುಚ್ಚಿಸಿ ನೋಡಿ, ಆಮೇಲೆ ಚೀಲ ಮುಚ್ಚಿದಳು. ನಾನು ಎದ್ದು ಒಳಗೆ ಹೋದೆ. ಅಂಥ ಒಂದು ದಿನ ನನ್ನ ಪಾಲಿಗೂ ಬಂದಿತ್ತು.

ಸಾಬವ್ವ ಇದ್ದಾಳೆ. ಎಂಬತ್ತು ದಾಟಿದೆ, ಕಿವಿ ಇನ್ನೂ ಚುರುಕಾಗಿದೆ. ಆದ್ದರಿಂದ ನನ್ನ ಕೊನೆಯ ಮಾತು, ನಮ್ಮ ಕಾರ್ಯಾಗಾರ ಮುಚ್ಚಿದ ಮೇಲೆ ಅದರ ಕಡತಗಳನ್ನು ವಹಿಸಿಕೊಂಡ ಕಚೇರಿಯ ಅಧಿಕಾರಿಗಳಿಗೆ:

ಆ ವರದಿಯನ್ನು ಹುಡುಕಿ ತೆಗೆಯಿರಿ. ಅದಕ್ಕಾಗಿ ಬೂದಿ ಗುಂಡಿ ಸಾಣಿಸಬೇಕಿಲ್ಲ, ಕಪಾಟು ತೆರೆದರೆ ಸಾಕು. ‘ಆಯಾಳ ನಿರ್ಲಕ್ಷ್ಯವೇ ಕಾರಣ’ ಎಂಬುದನ್ನು ಹೊಡೆದುಹಾಕಿರಿ. ಅಲ್ಲಿ ಹೀಗೆ ಬರೆಯಿರಿ: ತಡೆಯಿಲ್ಲದ ಹಿಡಿಕೆಯನ್ನು ಮಿಸ್ತ್ರಿಯು ತಿಳಿದೂ ಕೂರಿಸಿದನು, ಫೋರ್ಮನ್ ಆಜ್ಞೆ ಮಾಡಿದರು, ಉಗ್ರಾಣದಲ್ಲಿ ಸರಿಯಾದ ಹಿಡಿಕೆ ಇದ್ದಿತು, ಆಯಾಳಿಗೆ ಯಾರೂ ತಿಳಿಸಲಿಲ್ಲ, ಅವಳು ತನಗೆ ಕಲಿಸಿದಂತೆಯೇ ನಡೆದುಕೊಂಡಳು. ಗುಮಾಸ್ತ ಬಿಟ್ಟುಬಿಟ್ಟ ಅವಳ ಎರಡನೆಯ ವಾಕ್ಯವನ್ನೂ ಸೇರಿಸಿರಿ. ಕನ್ನಡದಲ್ಲಿ ಬರೆಯಿರಿ. ಅಂಚೆಗೆ ಹಾಕಬೇಡಿರಿ, ನಿಮ್ಮಲ್ಲಿ ಒಬ್ಬರು ಕಳ್ಳಕವಟಗಿಗೆ ಹೋಗಿ, ಅವಳನ್ನು ಕೂರಿಸಿ, ಅವಳ ಎದುರಿಗೆ ಅದನ್ನು ಓದಿ ಹೇಳಿರಿ. ಈ ಸಲ ನಿಜವಾಗಿಯೂ ಓದಿರಿ.

ಓದಿದ ಮೇಲೆ ಅವಳ ಬಲಗೈ ಹೆಬ್ಬೆರಳನ್ನು ಕೇಳಬೇಡಿರಿ. ಅದರ ಗೆರೆಗಳು ಆ ಬೆಳಿಗ್ಗೆಯೇ ಹೋದವು. ಎಡಗೈಯದನ್ನೂ ಕೇಳಬೇಡಿರಿ, ಅದನ್ನು ಒಮ್ಮೆ ಸುಳ್ಳು ಕಾಗದಕ್ಕೆ ಒತ್ತಿಸಿಕೊಂಡಾಗಿದೆ. ಸಹಿ ಬೇಕಾದರೆ ನನ್ನದನ್ನು ಹಾಕಿಸಿಕೊಳ್ಳಿರಿ.